ಫಲಿತಾಂಶದ ರಾತ್ರಿ ಸಂಕಲ್ಪ ಕಾರ್ಡ್ ಹಂಚಬೇಡಿ

ಮೇ ತಿಂಗಳ ಮೊದಲೆರಡು ವಾರಗಳಲ್ಲಿ ಚರ್ಚಿನಿಂದ ಹೈಸ್ಕೂಲ್ ಮಕ್ಕಳ ಶಿಬಿರ ಇಟ್ಟರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಶಿಬಿರದ ನಡುವೆಯೇ ಬಂದು ಬೀಳಬಹುದು. 2024ರಲ್ಲಿ ಮೇ 9ಕ್ಕೆ ಬಂತು, 2025ರಲ್ಲಿ ಮೇ 2ಕ್ಕೆ. ಖಚಿತ ತಾರೀಕು ಗೊತ್ತಾಗುವಷ್ಟರಲ್ಲಿ ಹಾಲ್ ಬುಕ್ಕಾಗಿ, ಅಡುಗೆಯವರಿಗೆ ಅಡ್ವಾನ್ಸ್ ಹೋಗಿ, ಹಳಿಯಾಳ, ಯಲ್ಲಾಪುರದ ಮಕ್ಕಳಿಗೆ ಬಸ್ಸೂ ಗೊತ್ತಾಗಿರುತ್ತದೆ. ಮುಂದೂಡುವ ಮಾತೇ ಇಲ್ಲ.

ಈ ಬೇಸಿಗೆ ಕಾರವಾರದ ಹತ್ತಿರ ಹಾಗೇ ಆಯಿತು. ಮಕ್ಕಳ ಮೊಬೈಲೆಲ್ಲ ಆಫೀಸಿನ ಕಪಾಟಿನಲ್ಲಿ. ಫಲಿತಾಂಶ ಮೊದಲು ಬಂದದ್ದು ಅಡುಗೆಮನೆಗೆ, ತೆಂಗಿನಕಾಯಿ ತುರಿಯುತ್ತಿದ್ದವರ ವಾಟ್ಸಾಪಿಗೆ. ಅಲ್ಲಿಂದ ಹಾಲ್ ಮುಟ್ಟಲು ಎರಡು ನಿಮಿಷ ಬೇಕಾಗಲಿಲ್ಲ. ಆಕ್ಷನ್ ಸಾಂಗ್ ಅರ್ಧಕ್ಕೆ ನಿಂತಿತು. ಆಫೀಸಿನ ಬಾಗಿಲಿಗೆ ಮಕ್ಕಳು ಮುಗಿಬಿದ್ದರು. ಒಂದೇ ಲ್ಯಾಪ್‌ಟಾಪ್, ವೆಬ್‌ಸೈಟ್ ತೆರೆಯುತ್ತಿಲ್ಲ, ಅರ್ಧ ಮಕ್ಕಳಿಗೆ ರಿಜಿಸ್ಟರ್ ನಂಬರ್ ನೆನಪಿಲ್ಲ. ಪುಟ ತೆರೆದ ಮೇಲೆ ಮಕ್ಕಳ ಗುಂಪು ನೋಡಿಕೊಳ್ಳುವ ಒಬ್ಬ ಅನಿಮೇಟರ್ ಖುಷಿಯಲ್ಲಿ ಅಂಕಗಳನ್ನು ಕೂಗಿ ಹೇಳತೊಡಗಿದ. ನಾಲ್ಕನೇ ಹೆಸರು ಗಣಿತ, ವಿಜ್ಞಾನ ಎರಡರಲ್ಲೂ ಹೋದ ಹುಡುಗಿಯದು. ಅವನ ದನಿ ಇಳಿಯಿತು, ಆದರೆ ಆಗಲೇ ಎಲ್ಲರ ಕಿವಿಗೂ ಬಿದ್ದಿತ್ತು. ಹುಡುಗಿ ಕೈತೊಳೆಯುವ ನಲ್ಲಿಯ ಹತ್ತಿರ ಹೋಗಿ ತಟ್ಟೆ ತೊಳೆಯುತ್ತಾ ನಿಂತಳು, ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ. ಅವಳ ಹಿಂದೆ ಯಾರು ಹೋಗಬೇಕು ಎಂದು ತಂಡದವರು ಪರಸ್ಪರ ಮುಖ ನೋಡಿಕೊಂಡ ಆ ಹತ್ತು ನಿಮಿಷ ಬಹಳ ಉದ್ದದ್ದು.

ಚುಚ್ಚುವ ಮಾತು ಬಂದದ್ದು ಮಧ್ಯಾಹ್ನದ ಮೀಟಿಂಗಿನಲ್ಲಿ, ಮಕ್ಕಳು ದೇವರಿಗೆ ಕೊಡುವ ಮಾತನ್ನು ಬರೆಸಿಕೊಳ್ಳುವ ಸಂಕಲ್ಪ ಕಾರ್ಡಿನ ಬಗ್ಗೆ: "ಇವತ್ತೇ ರಾತ್ರಿ ಆರಾಧನೆ ಆದ್ಮೇಲೆ ಕಾರ್ಡ್ ಕೊಟ್ಬಿಡುವ, ಮಕ್ಕಳ ಮನಸ್ಸು ಮೆತ್ತಗಿದೆ."

ಮೆತ್ತಗಿದೆ, ಅದಕ್ಕೇ ಕೊಡಬಾರದು. ಲೊಯೋಲಾದ ಸಂತ ಇಗ್ನೇಷಿಯಸ್ (1491–1556), ನಮ್ಮ ಮಕ್ಕಳು ಡಿಸೆಂಬರ್ 3ರ ಫೆಸ್ತಿಗೆ ಓಲ್ಡ್ ಗೋವಾಕ್ಕೆ ಹೋಗುತ್ತಾರಲ್ಲ, ಆ ಫ್ರಾನ್ಸಿಸ್ ಕ್ಸೇವಿಯರರ ಒಡನಾಡಿ, ಇದನ್ನು ನಿಯಮವಾಗಿಯೇ ಬರೆದಿಟ್ಟಿದ್ದಾರೆ. ಮನಸ್ಸು ಕತ್ತಲಾದ ಹೊತ್ತಿನಲ್ಲಿ ಯಾವ ಬದಲಾವಣೆಯನ್ನೂ ಮಾಡಬಾರದು, ಅದಕ್ಕೆ ಮುಂಚೆ ಮಾಡಿದ್ದ ನಿರ್ಧಾರದಲ್ಲೇ ನಿಲ್ಲಬೇಕು. ರಿಟ್ರೀಟ್ ನಡೆಸುವವರೆಲ್ಲ ಓದಿರುವ ನಿಯಮ ಇದು. ಆದರೂ ಶಿಬಿರದ ವರದಿಯಲ್ಲಿ "ಸಂಕಲ್ಪ ಮಾಡಿದವರು" ಎಂಬ ಕಾಲಂ ಇರುವವರೆಗೆ ಯಾರಿಗೂ ನೆನಪಾಗುವುದಿಲ್ಲ. ಫೇಲಾದ ರಾತ್ರಿ ಅಳುತ್ತಾ "ಇನ್ನು ಮೇಲೆ ದಿನಾ ಜಪಮಾಲೆ ಹೇಳ್ತೇನೆ" ಎಂದು ಬರೆದುಕೊಟ್ಟ ಮಗು ಜೂನ್ ಹೊತ್ತಿಗೆ ಅದನ್ನು ಬಿಟ್ಟಿರುತ್ತದೆ. ಆಗ ಅದರ ತಲೆ ಮೇಲೆ ಎರಡು ಸೋಲು: ಪರೀಕ್ಷೆಯದ್ದು ಒಂದು, ದೇವರಿಗೆ ಕೊಟ್ಟ ಮಾತಿನದ್ದು ಇನ್ನೊಂದು.

ಫಲಿತಾಂಶದ ದಿನ ಆಗಬೇಕಾದ್ದು ಬೇರೆಯೇ ಇದೆ, ಮತ್ತು ಅದು ನೋಂದಣಿ ಫಾರ್ಮಿನಿಂದಲೇ ಶುರುವಾಗಬೇಕು. ಎಸ್ಸೆಸ್ಸೆಲ್ಸಿ ಬರೆದ ಮಕ್ಕಳ ರಿಜಿಸ್ಟರ್ ನಂಬರ್, ಹುಟ್ಟಿದ ದಿನಾಂಕ ಎರಡನ್ನೂ ಫಾರ್ಮಿನಲ್ಲಿ ಬರೆಸಿಕೊಳ್ಳಿ. ವೆಬ್‌ಸೈಟ್ ಕೇಳುವುದು ಅವೆರಡನ್ನೇ. ಫಲಿತಾಂಶವನ್ನು ಮಗುವಿಗೆ ಯಾರು ಹೇಳಬೇಕು, ಮನೆಯವರು ಫೋನಿನಲ್ಲೋ ಶಿಬಿರದವರೋ, ಎಂಬುದನ್ನೂ ಅಪ್ಪ ಅಮ್ಮನ ಹತ್ತಿರ ಆಗಲೇ ಕೇಳಿಟ್ಟುಕೊಳ್ಳಿ. ಆ ದಿನ ತಂಡದವರ ಫೋನುಗಳೂ, ಅಡುಗೆಮನೆಯವರದ್ದೂ ಸೇರಿ, ಮಕ್ಕಳ ಕಣ್ಣಿಗೆ ಬೀಳಬಾರದು. ಒಂದು ಕೋಣೆ, ತೆರೆದ ಬಾಗಿಲು, ಇಬ್ಬರು ದೊಡ್ಡವರು, ಅದರಲ್ಲಿ ಒಬ್ಬರು ಅಕ್ಕನೋ ಸಿಸ್ಟರೋ ಇರಲೇಬೇಕು. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಯಿರಿ. ಪರದೆಯನ್ನು ಮಗುವೇ ಓದಲಿ, ನೀವು ಗಟ್ಟಿಯಾಗಿ ಓದಬೇಡಿ. ಓದಿದ ಕೂಡಲೇ ಮನೆಗೆ ಫೋನ್ ಮಾಡಿಸಿ. ಅಪ್ಪ ಬೈಯುತ್ತಾರೆ ಎಂಬ ಭಯವಿದ್ದರೆ ಮೊದಲು ನೀವು ಅಪ್ಪನ ಜೊತೆ ಮಾತಾಡಿ, ಆಮೇಲೆ ಮಗುವಿನ ಕೈಗೆ ಫೋನ್ ಕೊಡಿ. ಪಾಸಾದವರೂ ಫೇಲಾದವರೂ ಒಂದೇ ಬಾಗಿಲಿನಿಂದ ಹೊರಗೆ ಬಂದು ಗುಂಪಿನ ಎದುರು ಹಾಯಬಾರದು. ಹಿಂದಿನ ಬಾಗಿಲಿರುವ ಕೋಣೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ಬೈಬಲ್ ವಚನ ಬೇಡ, ಊಟ. ಮೊದಲನೇ ಅರಸುಗಳ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸಾಯಬೇಕೆಂದು ಗಿಡದ ಕೆಳಗೆ ಮಲಗುತ್ತಾನೆ. ದೂತ ಬಂದು ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗುತ್ತಾನೆ, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. "ಇಲ್ಲಿ ಏನು ಮಾಡುತ್ತಿದ್ದೀಯ" ಎಂಬ ಪ್ರಶ್ನೆ ಬರುವುದು ನಲವತ್ತು ದಿನ ನಡೆದ ಮೇಲೆ. ನಮ್ಮ ಟೈಮ್‌ಟೇಬಲಿನಲ್ಲಿ ಇದೇ ಕ್ರಮವನ್ನು ಕೂರಿಸಬಹುದು: ಹತ್ತು ಗಂಟೆಗೆ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಮಧ್ಯಾಹ್ನ ಒಂದು ಗಂಟೆ ಕಡ್ಡಾಯ ನಿದ್ದೆ, ಸಂಜೆ ನಾಲ್ಕರ ನಂತರ ಮಾತು. ಹೊಟ್ಟೆ ಹಸಿದ ಮಗುವಿಗೆ ದೇವರ ಯೋಜನೆಯ ಬಗ್ಗೆ ಹೇಳಿದರೆ ಅದು ತಲೆಯಾಡಿಸುತ್ತದೆ, ಅಷ್ಟೇ.

ಇನ್ನೊಂದು ಅತ್ಯಗತ್ಯ ವಿಷಯವನ್ನು ಹೇಳಲು ಭಕ್ತಿಯೇನೂ ಬೇಡ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಎರಡನೆಯದು ಕೆಲವೇ ವಾರಗಳಲ್ಲಿ ಬರುತ್ತದೆ, 2025ರಲ್ಲಿ ಮೇ 26ಕ್ಕೇ ಶುರುವಾಗಿತ್ತು. ನೋಂದಣಿ ಶಾಲೆಯ ಮುಖಾಂತರ, ಹೆಡ್‌ಮಾಸ್ಟರ್ ಹತ್ತಿರ. ಉತ್ತರ ಪತ್ರಿಕೆಯ ನಕಲು ತರಿಸಿಕೊಳ್ಳಬಹುದು, ಮರುಮೌಲ್ಯಮಾಪನಕ್ಕೂ ಹಾಕಬಹುದು. ಕೊನೆಯ ದಿನ ತಪ್ಪಿದರೆ ಪ್ರಾರ್ಥನೆಯಿಂದ ಅದು ವಾಪಸ್ ಬರುವುದಿಲ್ಲ. ತಂಡದಲ್ಲಿ ಒಬ್ಬರು ಹೈಸ್ಕೂಲ್ ಟೀಚರ್ ಇದ್ದರೆ ಅವರಿಗೆ ಆ ದಿನ ಬೇರೆ ಯಾವ ಡ್ಯೂಟಿಯೂ ಬೇಡ.

ಪಾಸಾದವರ ಸಾಕ್ಷಿಯಲ್ಲೂ ಎಚ್ಚರ ಬೇಕು. "ದೇವರು ನನಗೆ ತೊಂಬತ್ತೆರಡು ಪರ್ಸೆಂಟ್ ಕೊಟ್ಟರು" ಎಂದು ಮೈಕಿನಲ್ಲಿ ಹೇಳಿಸಿದರೆ, ಹಿಂದಿನ ಸಾಲಿನಲ್ಲಿ ಕೂತವನು ತನಗೆ ಇಪ್ಪತ್ತು ಕೊಟ್ಟವರು ಯಾರೆಂದು ಲೆಕ್ಕ ಹಾಕುತ್ತಾನೆ. ಅವನ ತರ್ಕದಲ್ಲಿ ತಪ್ಪಿಲ್ಲ, ಮೈಕ್ ಕೊಟ್ಟವರ ದೇವಶಾಸ್ತ್ರ ತಪ್ಪು.

ಇನ್ನು ನಾವೇ ಕಟ್ಟುವ ಸವಾಲುಗಳು. ಇದರಲ್ಲಿ ಹುಮ್ಮಸ್ಸು ಜಾಸ್ತಿ, ಲೆಕ್ಕ ಕಡಿಮೆ. ಬೆನ್ನು ಹಿಂದೆ ಮಾಡಿ ಕಟ್ಟೆಯಿಂದ ಬೀಳಿಸಿ ಹಿಡಿಯುವ ಆಟವನ್ನು ಇನ್ನೂ ಕೆಲವರು ನಂಬಿಕೆಯ ಪಾಠ ಎಂದು ಆಡಿಸುತ್ತಾರೆ. ಹಿಡಿಯುವವರೂ ಹದಿನಾಲ್ಕರ ಮಕ್ಕಳು, ಒಬ್ಬ ನಕ್ಕರೆ ಸಾಕು, ಬಿದ್ದವನ ತಲೆ ನೆಲಕ್ಕೆ. ಅದನ್ನು ಪಟ್ಟಿಯಿಂದಲೇ ತೆಗೆಯಿರಿ. ಸಮುದ್ರಕ್ಕೆ ಇಳಿಸುವ ಸವಾಲೂ ಬೇಡ. ಮೇ ಕೊನೆಗೆ ಅಲೆಯ ಸ್ವಭಾವ ಬದಲಾಗುತ್ತದೆ, ಈಜು ಬರುವವರನ್ನೂ ಸೆಳೆತ ಒಯ್ಯುತ್ತದೆ. ಶಿರಸಿ, ಸಿದ್ದಾಪುರ, ಹೊನ್ನಾವರದ ಮೇಲ್ಭಾಗದಲ್ಲಿ ಶಿಬಿರವಾದರೆ ಬೇಸಿಗೆಯ ಕಾಡಿನ ನಡಿಗೆಗೆ ಮೊದಲು ಆರೋಗ್ಯ ಕೇಂದ್ರದಲ್ಲಿ ಮಂಗನ ಕಾಯಿಲೆಯ ಬಗ್ಗೆ ವಿಚಾರಿಸಿ. ಉಣುಗು ಹೆಚ್ಚಿರುವ ಕಾಲ ಅದೇ. ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆ ಅಲ್ಲಿ ಕೊಡುತ್ತಾರೆ, ಕೈಕಾಲಿಗೆ ಹಚ್ಚಿ, ಉದ್ದ ಬಟ್ಟೆ ಹಾಕಿಸಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿಸಿ. ಮಂಗ ಸತ್ತಿರುವ ಸುದ್ದಿ ಇದ್ದರೆ ನಡಿಗೆ ರದ್ದು.

ಕರಾವಳಿಗೆ ಹೊಂದುವುದು ಎರಡು. ಒಂದು ಮರಳಿನ ನಡಿಗೆ: ನಾಲ್ಕೈದು ಕಿಲೋಮೀಟರ್, ಬೆಳಿಗ್ಗೆ ಆರಕ್ಕೆ ಹೊರಟು ಎಂಟರೊಳಗೆ ವಾಪಸ್. ಇಳಿತದ ಹೊತ್ತಿಗೆ ಗಟ್ಟಿ ಮರಳು ಸಿಗುತ್ತದೆ, ಭರತದಲ್ಲಿ ಮೆತ್ತನೆ ಮರಳಿನಲ್ಲಿ ನಡೆದರೆ ಮೀನಖಂಡ ಹಿಡಿದು ಅರ್ಧ ಜನ ಕೂರುತ್ತಾರೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಸೋಮವಾರದ ಸಮಯ ಗುರುವಾರಕ್ಕೆ ನಡೆಯುವುದಿಲ್ಲ. ಮೀನುಗಾರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ತಲೆಗೊಂದು ಲೀಟರ್ ನೀರು, ಬಂದ ಕೂಡಲೇ ಉಪ್ಪು, ಬೆಲ್ಲ ಹಾಕಿದ ಮುರುಗಲ ಪಾನಕ. ಯಾರಿಗಾದರೂ ತಲೆಸುತ್ತು ಬಂದರೆ ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಎರಡನೆಯದು ಒಂಟಿಯಾಗಿ ಕೂರುವ ಹೊತ್ತು, ಮತ್ತು ಹೆಚ್ಚು ಫಲ ಕೊಡುವುದು ಅದೇ. ಸಂಜೆ ನಾಲ್ಕೂವರೆಯ ನಂತರ, ಗಾಳಿ ಮರಗಳ ನೆರಳಿನಲ್ಲಿ, ಭರತದ ಗೆರೆಗಿಂತ ಮೇಲೆ. ತೆಂಗಿನ ಮರದ ಕೆಳಗೆ ಯಾರನ್ನೂ ಕೂರಿಸಬೇಡಿ, ಕಾಯಿಗೆ ಶಿಬಿರಾರ್ಥಿ ಯಾರೆಂದು ಗೊತ್ತಾಗುವುದಿಲ್ಲ. ಇಬ್ಬರ ನಡುವೆ ಇಪ್ಪತ್ತು ಹೆಜ್ಜೆ, ಪ್ರತಿ ಎಂಟು ಮಕ್ಕಳಿಗೆ ಒಬ್ಬ ಅನಿಮೇಟರ್ ಕಣ್ಣಳತೆಯಲ್ಲಿ, ಎಲ್ಲರ ಕೊರಳಿಗೂ ಸೀಟಿ. ಎಂಟು, ಒಂಬತ್ತನೇ ಕ್ಲಾಸಿಗೆ 25 ನಿಮಿಷ ಸಾಕು, ಪಿಯುಸಿಯವರಿಗೆ 40. ಅದಕ್ಕಿಂತ ಉದ್ದವಾದರೆ ನಿದ್ದೆ ಮಾಡುತ್ತಾರೆ ಅಥವಾ ಏಡಿ ಹಿಡಿಯಲು ಹೋಗುತ್ತಾರೆ. ಕೈಗೆ ಕಾಗದ ಕೊಟ್ಟು ಒಂದೇ ಪ್ರಶ್ನೆ: ಈ ವರ್ಷ ಯಾವುದು ಭಾರವಾಗಿತ್ತು? ಕೊಂಕಣಿಯೋ, ಕನ್ನಡವೋ, ಇಂಗ್ಲಿಷೋ, ಮನೆಯಲ್ಲಿ ಪ್ರಾರ್ಥನೆ ಮಾಡುವ ಭಾಷೆಯಲ್ಲೇ ಬರೆಯಲಿ. ಕಾಗದ ಅವರ ಹತ್ತಿರವೇ ಇರಲಿ. ವಾಪಸ್ ಕೇಳುತ್ತೀರೆಂದು ಗೊತ್ತಾದರೆ "ಭಾರ ಯಾವುದೂ ಇಲ್ಲ, ಯೇಸು ಜೊತೆಗಿದ್ದಾರೆ" ಎಂದು ಬರೆದಿಡುತ್ತಾರೆ. ಅಷ್ಟು ಜಾಣತನ ಎಲ್ಲ ಶಿಬಿರಾರ್ಥಿಗಳಿಗೂ ಇದೆ.

ಬೇಡ ಎಂದವರನ್ನು ಬಿಡಬೇಕು, ಕಾರಣ ಕೇಳದೆ. ಸಮಯ ನೋಡುವುದು, ನೀರು ಹಂಚುವುದು ಇಂಥದ್ದೊಂದು ಕೆಲಸ ಕೊಡಿ. ಇಲ್ಲಿ ಯಾವಾಗಲೂ ಯಾರಾದರೊಬ್ಬರು ಯೇಸುವಿನ ಶಿಷ್ಯ ಪೇತ್ರ ನೀರಿನ ಮೇಲೆ ನಡೆದ ಕಥೆಯನ್ನು ಎತ್ತಿಕೊಂಡು "ಅಲ್ಪವಿಶ್ವಾಸಿ" ಎಂದು ತಮಾಷೆ ಮಾಡುತ್ತಾರೆ. ಮತ್ತಾಯ 14 ತೆರೆದು ನೋಡಲಿ. ಇಳಿಯುತ್ತೇನೆ ಎಂದು ಕೇಳಿದವನು ಪೇತ್ರನೇ. ಯೇಸು ಯಾರನ್ನೂ ದೋಣಿಯಿಂದ ನೂಕಲಿಲ್ಲ. ಉಳಿದ ಹನ್ನೊಂದು ಜನ ದೋಣಿಯಲ್ಲೇ ಕೂತಿದ್ದರು, ಅದಕ್ಕಾಗಿ ಅವರಿಗೆ ಬೈಗುಳ ಬಿದ್ದದ್ದು ಎಲ್ಲೂ ಇಲ್ಲ.

ಅನುಭವ ಹಂಚಿಕೊಳ್ಳುವ ಶೇರಿಂಗ್‌ಗೆ ಗುಂಪಿಗೆ ಎಂಟು ಜನ, 40 ನಿಮಿಷ, ಮಾತಾಡದೆ ಮುಂದಿನವರಿಗೆ ದಾಟಿಸುವ ಹಕ್ಕು ಎಲ್ಲರಿಗೂ. ಮೊದಲು ಏನಾಯಿತು, ಆಮೇಲೆ ಯಾವಾಗ ಸಾಕು ಅನ್ನಿಸಿತು, ಆಗ ಯಾರು ನೆನಪಾದರು, ಯಾರೂ ಆಗಲಿಲ್ಲವೋ. ವಚನ ಕೊನೆಗೆ, ಅದೂ ಮಗುವೇ ಆರಿಸಿಕೊಳ್ಳಬೇಕು. ಹತ್ತು ಭಾಗಗಳ ಒಂದು ಹಾಳೆ ಮಾಡಿಟ್ಟುಕೊಳ್ಳಿ. ಅದರಲ್ಲಿ 13ನೇ ಕೀರ್ತನೆ ಇರಲಿ, ಕತ್ತಲೆಯಲ್ಲೇ ಮುಗಿಯುವ 88 ಇರಲಿ, ಯೇಸು ಸಾವಿನ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೆಮನೆ ಇರಲಿ, ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಎನ್ನುವ ಮಾರ್ಕ 9:24ರ ತಂದೆ ಇರಲಿ. ಟೀ ಶರ್ಟಿನ ಮೇಲಿರುವ ಫಿಲಿಪ್ಪಿ 4:13 ಬೇಕೇ ಬೇಕೆಂದರೆ 11, 12ನೇ ವಚನಗಳನ್ನೂ ಜೊತೆಗೆ ಓದಿಸಿ. ಅಲ್ಲಿ ಪೌಲ ಹೇಳುತ್ತಿರುವುದು ಗೆಲುವಿನ ಮಾತಲ್ಲ, ಹಸಿವಿನಲ್ಲೂ ಇರಲು ಕಲಿತ ಮಾತು.

ಕೆಲವೊಮ್ಮೆ ಶೇರಿಂಗ್‌ನಲ್ಲಿ ಬರುವುದು ಅಂಕಗಳ ಅಥವಾ ಗೆಳೆತನದ ಸಂಗತಿಯಾಗಿರುವುದಿಲ್ಲ. "ಯಾರಿಗೂ ಹೇಳ್ಬೇಡಿ ಅಕ್ಕಾ" ಎಂದು ಮಗು ಶುರುಮಾಡಿದ ಕೂಡಲೇ ಹೇಳಿಬಿಡಿ: ನಿನಗೆ ಅಪಾಯ ಇದೆ ಅನ್ನಿಸಿದರೆ ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕಾಗುತ್ತದೆ, ಬೇರೆ ಯಾರಿಗೂ ಹೇಳುವುದಿಲ್ಲ. ಲೈಂಗಿಕ ದೌರ್ಜನ್ಯದ ಮಾತಾದರೆ 2012ರ ಪೋಕ್ಸೊ ಕಾಯ್ದೆಯಲ್ಲಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಕಮಿಟಿಯ ಒಪ್ಪಿಗೆ ಬೇಕಿಲ್ಲ. ಮಕ್ಕಳ ಸಹಾಯವಾಣಿ 1098. "ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಒಂಟಿ ಬಿಡಬೇಡಿ, ಮನೆಯವರನ್ನು ಕರೆಸಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಫಲಿತಾಂಶದ ವಾರದಲ್ಲಿ ಈ ಎರಡು ನಂಬರ್ ಪ್ರತಿ ಅನಿಮೇಟರ್‌ನ ಐಡಿ ಕಾರ್ಡಿನ ಹಿಂದೆ ಅಂಟಿಸಿರಬೇಕು.

ಸಂಕಲ್ಪ ಕಾರ್ಡ್ ಬೇಡವೇ ಬೇಡ ಎಂದಲ್ಲ. ಶಿಬಿರ ಮುಗಿದು ಮೂರು ವಾರದ ಮೇಲೆ, ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ, ಆಯಾ ಧರ್ಮಕೇಂದ್ರದಲ್ಲಿ ಭಾನುವಾರದ ಪೂಜೆಯ ನಂತರ ಕೊಡಿ. ಬರೆಯುವುದು ಒಂದೇ ಸಾಲು, ವಾರದಲ್ಲಿ ಮಾಡಿ ಮುಗಿಸಬಹುದಾದಷ್ಟು ಚಿಕ್ಕದು: ಬುಧವಾರ ಅಜ್ಜಿಯ ಜೊತೆ ಜಪಮಾಲೆ, ಅಥವಾ ಜಗಳವಾಡಿದ ಗೆಳೆಯನಿಗೆ ಒಂದು ಫೋನ್. ತಿಂಗಳಿಗೊಮ್ಮೆ ಅನಿಮೇಟರ್ ಕರೆ ಮಾಡಬೇಕು, ಮೊದಲ ಪ್ರಶ್ನೆ ಕಾರ್ಡಿನದ್ದಾಗಬಾರದು. ಹೀಗೆ ಮಾಡಿದರೆ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ ಎಂದು ಕಮಿಟಿಯವರು ಗೊಣಗುತ್ತಾರೆ. ಇಳಿಯಲಿ.

ದೊಡ್ಡ ಪರಿಹಾರ ಸುಲಭದ್ದು: ಶಿಬಿರವನ್ನು ದಸರಾ ರಜೆಗೆ ಒಯ್ಯುವುದು. ಫಲಿತಾಂಶದ ಕಾಟವಿಲ್ಲ, ಸೆಖೆ ಕಡಿಮೆ. ಪ್ರತಿ ಸಲ ಪ್ರಸ್ತಾಪ ಬಂದಾಗಲೂ ಅದೇ ಉತ್ತರ: ಅಕ್ಟೋಬರ್‌ನಲ್ಲಿ ಹಾಲ್ ಬಾಡಿಗೆ ಜಾಸ್ತಿ, ಮೇ ತಿಂಗಳದ್ದು ಮೊದಲಿನಿಂದ ನಡೆದುಬಂದದ್ದು. ಅದರಿಂದ ಸದ್ಯಕ್ಕೆ ಮುಂದಿನ ಸಲದ ನೋಂದಣಿ ಫಾರ್ಮಿನಲ್ಲಿ ರಿಜಿಸ್ಟರ್ ನಂಬರಿನ ಕಾಲಂ ಸೇರಿಸಲಾಗಿದೆ. ವರದಿಯ "ಸಂಕಲ್ಪ ಮಾಡಿದವರು" ಕಾಲಂ ತೆಗೆಸುವ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.