ನೀವು ಅವರಿಗೆ ಏನಾಗಬೇಕು?

ತೀರ್ಥಹಳ್ಳಿಯಲ್ಲಿ ಪತ್ರ ಬರೆಯುವುದು ನನ್ನ ಕಸುಬು. ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ, ಮರಣಶಾಸನ, ಜೊತೆಗೆ ಮದುವೆ ನೋಂದಣಿಯ ಅರ್ಜಿ. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಮದುವೆಯಾಗಲು ಕಾನೂನು ಒಪ್ಪಬೇಕು ಅನ್ನುವುದು ನನ್ನ ನಿಲುವು. ಅದು ಗೊತ್ತಾದ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಒಟ್ಟಿಗೆ ಇರಬೇಡಿ ಅಂತ ಈಗ ಯಾರೂ ಹೇಳ್ತಿಲ್ಲವಲ್ಲ. ಇರಲಿ ಬಿಡಿ. ಮದುವೇನೇ ಆಗಬೇಕು ಅಂತ ಯಾಕೆ ಹಠ?"

ಸಿಟ್ಟಿನಿಂದ ಕೇಳುವವರು ಕಡಿಮೆ. ಹೆಚ್ಚಿನವರಿಗೆ ನಿಜವಾಗಿಯೂ ಅರ್ಥವಾಗಿಲ್ಲ. ಹಾಗಾಗಿ ಸಮಾಧಾನದಿಂದ ಉತ್ತರ ಬರೆಯುತ್ತಿದ್ದೇನೆ.

ಆಗುಂಬೆ ಕಡೆಯ ಇಬ್ಬರು ಹೆಂಗಸರು ಒಂದು ಮಳೆಗಾಲದಲ್ಲಿ ನನ್ನ ಹತ್ತಿರ ಬಂದಿದ್ದರು. ಒಬ್ಬರು ಹೊಲಿಗೆ ಮಾಡುತ್ತಾರೆ. ಇನ್ನೊಬ್ಬರ ಹೆಸರಿನಲ್ಲಿ 30 ಗುಂಟೆ ಅಡಿಕೆ ತೋಟ ಇದೆ, ಸ್ವಂತ ದುಡಿಮೆಯಲ್ಲಿ ಕೊಂಡಿದ್ದು. 19 ವರ್ಷದಿಂದ ಒಂದೇ ಮನೆ, ಒಂದೇ ಒಲೆ. ಕೊಳೆರೋಗಕ್ಕೆ ಔಷಧಿ ಹೊಡೆಸುವುದರಿಂದ ಹಿಡಿದು ಕೊನೆಕೊಯ್ಲಿನವರೆಗೆ ತೋಟದ ಕೆಲಸ ಇಬ್ಬರದೂ. ತೋಟದವರಿಗೆ ಒಮ್ಮೆ ಜೋರು ಕಾಯಿಲೆ ಆಯಿತು. ಆಸ್ಪತ್ರೆಯಲ್ಲಿ ಆಪರೇಷನ್ ಕಾಗದ ಮುಂದಿಟ್ಟುಕೊಂಡು ಹೊಲಿಗೆಯವರನ್ನು ಕೇಳಿದರಂತೆ: "ನೀವು ಅವರಿಗೆ ಏನಾಗಬೇಕು?"

ಅವರಿಗೆ ಬಾಯಿ ಬರಲಿಲ್ಲ. ಫ್ರೆಂಡ್ ಅಂದರು. "ಫ್ರೆಂಡ್ ಆದ್ರೆ ಆಗಲ್ಲ, ಮನೆಯವರನ್ನ ಕರೆಸಿ." ವರ್ಷಗಟ್ಟಲೆ ಈ ಕಡೆ ತಲೆ ಹಾಕದ ಅಣ್ಣನಿಗೆ ಫೋನ್ ಹೋಯಿತು. ಅವರು ಮಾರನೇ ದಿನ ಬಂದು ಸಹಿ ಹಾಕಿದರು. ಅಷ್ಟು ಹೊತ್ತೂ ಇವರು ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

ನಮ್ಮೂರಲ್ಲಿ ಯಾರನ್ನಾದರೂ ಮೊದಲ ಸಲ ನೋಡಿದಾಗ ಕೇಳುವ ಮಾತೇ ಇದು ಅಲ್ವಾ? ಇಂಥವರಿಗೆ ನೀವು ಏನಾಗಬೇಕು? ಮದುವೆ ಕಾಗದ ಇದ್ದವರಿಗೆ ಉತ್ತರ ಒಂದೇ ಪದದಲ್ಲಿ ಮುಗಿಯುತ್ತದೆ. ಇವರಿಗೆ 19 ವರ್ಷದ ಸಂಸಾರ ಇದ್ದರೂ ಕಾನೂನಿನ ಲೆಕ್ಕದಲ್ಲಿ ಉತ್ತರ "ಏನೂ ಆಗಬೇಕಿಲ್ಲ."

ಗುಣವಾದ ಮೇಲೆ ಇಬ್ಬರೂ ತೋಟದ ವಿಷಯ ಕೇಳಲು ಬಂದರು. ತೋಟದವರು ಏನೂ ಬರೆದಿಡದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೊದಲ ಹಕ್ಕು ಮಕ್ಕಳಿಗೆ ಮತ್ತು ಗಂಡನಿಗೆ. ಅವರಿಗೆ ಮಕ್ಕಳೂ ಇಲ್ಲ, ಗಂಡನೂ ಇಲ್ಲ. ಅಪ್ಪ ಅಮ್ಮ ತೀರಿಹೋಗಿದ್ದಾರೆ. ಹಾಗಾಗಿ ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು, ಆಗುವುದು ಅಣ್ಣನಿಗೆ. ಬದುಕಿದ್ದಾಗಲೇ ದಾನಪತ್ರ ಮಾಡಿಕೊಡೋಣ ಅಂದರೆ, ಗಂಡ ಹೆಂಡತಿ ನಡುವೆ ಅಲ್ಪ ಮೊತ್ತದಲ್ಲಿ ಮುಗಿಯುವ ಮುದ್ರಾಂಕ ಶುಲ್ಕ, ಹೊರಗಿನವರಿಗೆ ಕ್ರಯಪತ್ರದ ಹಾಗೆ ಜಮೀನಿನ ಬೆಲೆಯ ಮೇಲೆ ಬೀಳುತ್ತದೆ. ಅಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ. ಉಳಿದದ್ದು ಮರಣಶಾಸನ. ಬರೆದುಕೊಟ್ಟೆ. ಆದರೆ ಅದನ್ನು ವಾರಸುದಾರರು ಕೋರ್ಟಿನಲ್ಲಿ ಪ್ರಶ್ನಿಸಬಹುದು, ಕೇಸು ವರ್ಷಗಟ್ಟಲೆ ಎಳೆಯಬಹುದು ಅಂತಲೂ ಹೇಳಬೇಕಾಯಿತು.

ಇನ್ನು ಸಂವಿಧಾನದ ಮಾತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಒಂದೇ ಲಿಂಗದ ವಯಸ್ಕರು ಒಪ್ಪಿ ಕೂಡಿದರೆ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಅಡಿ ಅಪರಾಧ ಅಲ್ಲ ಅಂದಿತು. ಆ ತೀರ್ಪಿಗೆ ದೊಡ್ಡ ಆಧಾರ ಖಾಸಗಿತನ ಮೂಲಭೂತ ಹಕ್ಕು ಅಂದ ಹಿಂದಿನ ವರ್ಷದ ತೀರ್ಪು. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ ಮದುವೆಯ ಪ್ರಶ್ನೆ ಐದು ನ್ಯಾಯಮೂರ್ತಿಗಳ ಮುಂದೆ ಹೋಯಿತು. ತೀರ್ಪು ಬಂದಿದ್ದು 2023ರ ಅಕ್ಟೋಬರ್ 17ಕ್ಕೆ. ಮದುವೆ ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ತಿದ್ದಿ ಓದುವುದು ಕೋರ್ಟಿನ ಕೆಲಸ ಅಲ್ಲ, ಅದು ಸಂಸತ್ತಿಗೆ ಬಿಟ್ಟಿದ್ದು ಅಂತ ಐವರೂ ಹೇಳಿದರು. ಇಂಥ ಜೋಡಿಗಳ ಸಂಬಂಧವನ್ನಾದರೂ ಸರ್ಕಾರ ಗುರುತಿಸಲೇಬೇಕು ಅಂದವರು ಇಬ್ಬರು. ಮೂವರು ಒಪ್ಪಲಿಲ್ಲ. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ಬಿದ್ದುಹೋದವು.

ಕಾನೂನು ಬರೆಯುವುದು ಸಂಸತ್ತಿನ ಕೆಲಸ, ಒಪ್ಪುತ್ತೇನೆ. ಆದರೆ ಬರೆದ ಕಾನೂನು ಸಂವಿಧಾನಕ್ಕೆ ಸರಿಹೊಂದುತ್ತದಾ ಅಂತ ನೋಡುವುದು ಕೋರ್ಟಿನ ಕೆಲಸ. ಮದುವೆ ಎಂಬ ಪದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಇಲ್ಲದಿರಬಹುದು. ಆದರೆ ಸರ್ಕಾರವೇ ಒಂದು ಬಾಗಿಲು ಇಟ್ಟು, ಪಿಂಚಣಿ, ವಾರಸುದಾರಿಕೆ ಎಲ್ಲವನ್ನೂ ಆ ಬಾಗಿಲ ಒಳಗೆ ಇಟ್ಟಿದೆ. ಹಾಗಿದ್ದ ಮೇಲೆ ಕೆಲವರನ್ನು ಹೊರಗೆ ನಿಲ್ಲಿಸಲು ಸರಿಯಾದ ಕಾರಣ ಕೊಡಬೇಕು. 14ನೇ ವಿಧಿಯ ಸಮಾನತೆ ಅಂದರೆ ಅದೇ. ಆ ಕಾರಣ ನನಗೆ ತೀರ್ಪಿನಲ್ಲಿ ಕಾಣಲಿಲ್ಲ.

"ನಮ್ಮ ಸಂಪ್ರದಾಯದಲ್ಲಿ ಇಲ್ಲ" ಅನ್ನುವವರಿಗೆ ಒಂದು ಮಾತು. ಜಾತಿ, ಧರ್ಮ ಬೇರೆ ಅಂತ ಸಂಪ್ರದಾಯ ಒಪ್ಪದ ಜೋಡಿಗಳೂ ಮದುವೆಯಾಗಲಿ ಅಂತಲೇ 1954ರ ಕಾಯ್ದೆ ಇರುವುದು. 30 ದಿನದ ನೋಟಿಸ್ ಹಚ್ಚಿ ಕಾದು ಮದುವೆಯಾದ ಎಷ್ಟೋ ಜೋಡಿಗಳ ಅರ್ಜಿ ನಾನೇ ಬರೆದಿದ್ದೇನೆ. ಇಲ್ಲೇ ಹತ್ತಿರದ ಕುಪ್ಪಳಿಯ ಕುವೆಂಪು ಅವರು ಪುರೋಹಿತರು, ಜಾತಕ, ವರದಕ್ಷಿಣೆ ಯಾವುದೂ ಬೇಡ, ಇಬ್ಬರೂ ಪ್ರತಿಜ್ಞೆ ಮಾಡಿದರೆ ಸಾಕು ಅಂತ ಮಂತ್ರಮಾಂಗಲ್ಯ ಕೊಟ್ಟರು. ಆಗಲೂ ಅದು ಮದುವೆಯಾ ಅಂತ ಕೇಳಿದವರಿದ್ದರು. ಈಗ ನಮ್ಮ ಮನೆಗಳಲ್ಲೇ ಹಾಗೆ ಮದುವೆ ನಡೆಯುತ್ತದೆ.

2024ರಲ್ಲಿ ಸ್ವಲ್ಪ ಬದಲಾವಣೆ ಆಯಿತು. ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು, ರೇಷನ್ ಕಾರ್ಡಿಗೆ ಒಂದೇ ಮನೆಯವರು ಅಂತ ಪರಿಗಣಿಸಬೇಕು ಎಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ನನಗೆ ಖುಷಿಯಾಯಿತು. ಆದರೆ ನಾಮಿನಿ ಅಂದರೆ ದುಡ್ಡು ಕೈಗೆ ತೆಗೆದುಕೊಳ್ಳುವವರು ಅಷ್ಟೇ. ವಾರಸುದಾರರು ಬಂದು ಕೇಳಿದರೆ ಕೊಡಬೇಕಾಗುತ್ತದೆ.

ಆ ಮರಣಶಾಸನ ಬರೆಯುವಾಗ ಹೊಲಿಗೆಯವರ ಹೆಸರಿನ ಮುಂದೆ ಸಂಬಂಧ ಏನು ಅಂತ ಬರೆಯಬೇಕಿತ್ತು. ನಾನು ಸ್ನೇಹಿತೆ ಅಂತ ಬರೆದೆ. ಓದಿ ಹೇಳಿದಾಗ ತೋಟದವರು ತಡೆದು, "ಬೇರೆ ಪದ ಇಲ್ವಾ?" ಅಂತ ಕೇಳಿದರು. ಸ್ವಲ್ಪ ಹೊತ್ತು ಯೋಚಿಸಿದೆ. ಕೊನೆಗೆ ಆ ಪದ ಹೊಡೆದು, "19 ವರ್ಷಗಳಿಂದ ನನ್ನ ಜೊತೆ ಒಂದೇ ಮನೆಯಲ್ಲಿ ಸಂಸಾರ ಮಾಡಿಕೊಂಡು ಬಂದಿರುವ" ಅಂತ ಬರೆದೆ. ಇಬ್ಬರೂ ಅದನ್ನು ಇನ್ನೊಂದು ಸಲ ಓದಿಸಿಕೊಂಡರು.