"ಪರೀಕ್ಷಾಕ್ಕ ಇಷ್ಟ ಸಾಕವಾ"

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಆವತ್ತು ಒಂದು ತಾಸಿನಲ್ಲಿ ನಲವತ್ತು ಪದ ಮುಗಿಸಬೇಕಿತ್ತು. 'ಆಬ್ಸ್ಕ್ಯುರಂಟಿಸ್ಟ್' ಬಂತು. ಜನರಿಗೆ ತಿಳಿವಳಿಕೆ ತಲುಪುವುದನ್ನು ವಿರೋಧಿಸುವವನು ಅಂತ ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋದೆ.

ಹಿಂದಿನಿಂದ ಒಬ್ಬಳು ಕೇಳಿದಳು. "ಸರ್, ಆಬ್ಸ್ಕ್ಯೂರ್ ಅಂದ್ರ ಅಸ್ಪಷ್ಟ ಅಂತ ಹೋದ ವಾರ ಹೇಳಿದ್ರಿ. ಅದಕ್ಕೂ ಇದಕ್ಕೂ ಏನ್ ಸಂಬಂಧ್ರೀ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಲೂ ಇಲ್ಲ. "ಪರೀಕ್ಷಾಕ್ಕ ಇಷ್ಟ ಸಾಕವಾ, ಮುಂದಿಂದು ಬರ್ಕೋ" ಅಂದೆ.

ರಾತ್ರಿ ಸುಮ್ನೆ ಕೂರಲಾಗಲಿಲ್ಲ, ಹುಡುಕಿದೆ. ಲ್ಯಾಟಿನ್‌ನಲ್ಲಿ 'ಆಬ್ಸ್ಕ್ಯೂರಸ್' ಅಂದರೆ ಕತ್ತಲು ಕವಿದದ್ದು. ಕತ್ತಲಲ್ಲಿ ಇರುವುದು ನೆಟ್ಟಗೆ ಕಾಣಲ್ಲ, ಅಲ್ವಾ? ಅಸ್ಪಷ್ಟ ಅನ್ನುವ ಅರ್ಥ ಅಲ್ಲಿಂದ ಬಂದಿದೆ. ನಮ್ಮ ಪದದವನು ಕತ್ತಲು ಮಾಡುವವನು, ದೀಪ ಆರಿಸುವವನು.

ಇದರ ಹಿಂದೊಂದು ಜಗಳವೂ ಇದೆ. 16ನೇ ಶತಮಾನದ ಜರ್ಮನಿಯಲ್ಲಿ ಫೆಫರ್‌ಕಾರ್ನ್ ಎಂಬಾತ ಯಹೂದಿಗಳ ಪುಸ್ತಕಗಳನ್ನು ನಾಶ ಮಾಡಬೇಕು ಅಂತ ಹಟ ಹಿಡಿದ. ಹೀಬ್ರೂ ಕಲಿತಿದ್ದ ರಾಯ್ಖ್ಲಿನ್ ಬೇಡ ಅಂದ. ಚರ್ಚಿನ ಪಂಡಿತರು ರಾಯ್ಖ್ಲಿನ್ ಮೇಲೆ ಬಿದ್ದರು. ಆತ 1514ರಲ್ಲಿ ತನ್ನ ಪರವಾಗಿದ್ದ ವಿದ್ವಾಂಸರ ಪತ್ರಗಳನ್ನು 'ಪ್ರಸಿದ್ಧರ ಪತ್ರಗಳು' ಅಂತ ಅಚ್ಚು ಹಾಕಿಸಿದ. ಮರುವರ್ಷ ಆತನ ಗೆಳೆಯರ ಬಳಗದವರು ಹೆಸರು ಹಾಕದೆ 'ಆಬ್ಸ್ಕ್ಯೂರ್ ಮಂದಿಯ ಪತ್ರಗಳು' ತಂದರು. ಎದುರಾಳಿಗಳೇ ಹರಕುಮುರುಕು ಲ್ಯಾಟಿನ್‌ನಲ್ಲಿ ಬರೆದುಕೊಂಡ ಹಾಗೆ! ಹೆಸರಿಲ್ಲದವರು, ಕತ್ತಲಲ್ಲಿ ಇರುವವರು, ಎರಡೂ ಅರ್ಥ. ಕೆಲವರು ಅದನ್ನು ನಿಜ ಅಂತಲೇ ನಂಬಿದ್ದರಂತೆ. ನನಗೆ ಜಾಸ್ತಿ ನಗು ಬಂದದ್ದು ಅಲ್ಲೇ. ಕಲಿಕೆಗೆ ಅಡ್ಡ ನಿಲ್ಲುವವರನ್ನು ಈ ಹೆಸರಿನಿಂದ ಕರೆಯುವುದು 18ನೇ ಶತಮಾನದ ಯುರೋಪಿನಲ್ಲಿ ಶುರುವಾಗಿ, ಆಮೇಲೆ ಇಂಗ್ಲಿಷಿಗೂ ಬಂತು.

ಮರುದಿನ ಇದನ್ನೆಲ್ಲ ಹೇಳಿದೆ. ಒಬ್ಬ ಹುಡುಗ ಎದ್ದು, "ಸಾವಿತ್ರಿಬಾಯಿ ಫುಲೆ 1848ರಾಗ ಪುಣೆಯೊಳಗ ಹುಡುಗ್ಯಾರಿಗೆ ಸಾಲಿ ತೆಗೆದಾಗ ಸಗಣಿ ಎಸೆದ್ರಲ್ರೀ, ಅವ್ರೂ ಇವ್ರೇ ಅಲ್ರೀ?" ಅಂದ. ಹೌದು ಅಂದೆ. ಲ್ಯಾಟಿನ್‌ಗಿಂತ ಇದು ಎಲ್ಲರಿಗೂ ಬೇಗ ತಲುಪಿತು.

ಆಗ ಹಿಂದಿನ ಬೆಂಚಿನವಳು ಕೇಳಿದಳು. "ನಿನ್ನಿ 'ಇಷ್ಟ ಸಾಕು' ಅಂದ್ರಲ್ರೀ ಸರ್, ಅದೂ ಇದ್ರಾಗ ಬರ್ತದೇನ್ರೀ?"

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಆ ದಿನ ಒಂಬತ್ತು ಪದ ಆದವು. ಸಂಜೆ ಆಫೀಸಿನಿಂದ ಫೋನ್ ಬಂತು, ಪಾಠ ಎಲ್ಲಿಗೆ ಬಂತು ಅಂತ.