ಕಪ್ಪು ಮೇಲೆ, ಬಿಳಿ ಕೆಳಗೆ

ಜೀವಶಾಸ್ತ್ರದ ಮೇಷ್ಟ್ರು ಹೋದ ಸುದ್ದಿ ವಾಟ್ಸಾಪ್‌ನಲ್ಲಿ ಬಂತು. ನಾನು ಲ್ಯಾಬಿನಲ್ಲಿದ್ದೆ. ಮಾಡುತ್ತಿದ್ದ ಕೆಲಸ ಬಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ಆಗಿನ ಪಾಠ ಒಂದೂ ನೆನಪಿಗೆ ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಅಂಚು ಕಿತ್ತುಹೋದ ಒಂದು ಎನಾಮೆಲ್ ತಟ್ಟೆ.

1985ರ ಮಳೆಗಾಲ, ಹಾಸನ. ನಾವು ಒಂಬತ್ತನೇ ಕ್ಲಾಸು. ಮೇಷ್ಟ್ರು ಬೆಳಿಗ್ಗೆ ಹುಣಸಿನಕೆರೆಯ ಕಡೆಯಿಂದ ಆ ತಟ್ಟೆಯಲ್ಲಿ ಕಪ್ಪೆಮೊಟ್ಟೆ ತಂದಿದ್ದರು. ಸಾಸಿವೆ ಗಾತ್ರದ ಮೊಟ್ಟೆಗಳು, ಸುತ್ತ ಲೋಳೆ. ಎಲ್ಲದರದ್ದೂ ಕಪ್ಪು ಭಾಗ ಮೇಲೆ, ಬಿಳಿ ಭಾಗ ಕೆಳಗೆ. ಮೇಷ್ಟ್ರು ಲೋಳೆಯ ಮುದ್ದೆಯನ್ನು ಮೆಲ್ಲಗೆ ಮಗುಚಿದರು. ತಟ್ಟೆಯೆಲ್ಲ ಬೆಳ್ಳಗಾಯಿತು. "ಯಾರೂ ಮಾತಾಡಬೇಡಿ, ನೋಡಿ" ಎಂದರು. ನೋಡನೋಡುತ್ತಾ ಒಂದೊಂದೇ ಮೊಟ್ಟೆ ಲೋಳೆಯೊಳಗೇ ಹೊರಳಿತು. ಕಪ್ಪು ಮತ್ತೆ ಮೇಲಾಯಿತು.

"ಬಿಳಿ ಭಾಗದಲ್ಲಿ ಭಂಡಾರ, ಅಂದ್ರೆ ಮರಿಗೆ ಬೇಕಾದ ಆಹಾರ, ಜಾಸ್ತಿ. ಅದು ಭಾರ. ಅದಕ್ಕೇ ಕೆಳಗೆ ಹೋಗುತ್ತೆ. ಸರಿ, ತೂಕವೇ ಇಲ್ಲದ ಕಡೆ ಈ ಮೊಟ್ಟೆಗೆ ಮೇಲೆ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಹೇಳ್ರೋ?" ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ, ಬಂದು ಆಗ ಮೂರೇ ವರ್ಷ. ಅಲ್ಲಿನ ದೊಡ್ಡ ಬಿಳಿ ಆಂಟೆನಾಗಳನ್ನು ನೋಡಲೆಂದೇ ನಾವು ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದೆವು. ಮೇಷ್ಟ್ರು ಆ ದಿಕ್ಕಿಗೆ ಕೈ ತೋರಿಸಿ, "ಅವರನ್ನೇ ಕೇಳಬೇಕು" ಎಂದರು. ಉತ್ತರ ಹೇಳಲಿಲ್ಲ.

ಆ ಮೊಟ್ಟೆಗಳು ಗೊದಮೊಟ್ಟೆಗಳಾದವು. ನಾವು ಮೂವರು ಸೇರಿ ಅವನ್ನು ಸ್ಟಾಫ್ ರೂಮಿನ ಕುಡಿಯುವ ನೀರಿನ ಮಡಕೆಗೆ ಬಿಟ್ಟೆವು. ಹೆಡ್ಮಾಸ್ಟರು ಬೆತ್ತ ತೆಗೆದರು. ಮೇಷ್ಟ್ರು ತಡೆದು, "ಎಷ್ಟು ಬಿಟ್ರಿ?" ಎಂದಷ್ಟೇ ಕೇಳಿದರು. ನಲವತ್ತೊಂದು ಎಂದೆವು. ತೆಳು ಬಟ್ಟೆ ಕೊಟ್ಟು ಸೋಸಲು ಹೇಳಿದರು. ನಲವತ್ತು ಸಿಕ್ಕವು. ಉಳಿದ ಒಂದಕ್ಕಾಗಿ ಸಂಜೆ ಆರರವರೆಗೆ ಹುಡುಕಿಸಿದರು. ಅದು ಮಡಕೆಯ ತಳದ ಪಾಚಿಗೆ ಅಂಟಿಕೊಂಡಿತ್ತು. ನಲವತ್ತೊಂದನ್ನೂ ಕೆರೆಗೆ ಬಿಟ್ಟು ಬರಲು ನಮ್ಮ ಜೊತೆ ಅವರೂ ನಡೆದರು. ಲೆಕ್ಕ ತಪ್ಪಬಾರದು ಅನ್ನುವುದನ್ನು ನಾನು ಕಲಿತದ್ದು ಆ ದಿನ. ಇವತ್ತಿಗೂ ನನ್ನ ಲ್ಯಾಬಿನಲ್ಲಿ ಒಂದು ಸ್ಯಾಂಪಲ್ಲಿನ ಲೆಕ್ಕ ಸಿಗದಿದ್ದರೆ ಯಾರೂ ಮನೆಗೆ ಹೋಗುವುದಿಲ್ಲ.

1992ರಲ್ಲಿ ಅಮೆರಿಕದ ಎಂಡೆವರ್ ನೌಕೆಯಲ್ಲಿ ಆಫ್ರಿಕಾದ ಕಪ್ಪೆಗಳನ್ನು ಬಾಹ್ಯಾಕಾಶಕ್ಕೆ ಒಯ್ದು, ಅಲ್ಲೇ ಮೊಟ್ಟೆಗಳನ್ನು ಫಲಗೊಳಿಸಿದರು. ಅದನ್ನು ಓದಿದಾಗ ನಾನು ಎಂಎಸ್ಸಿಯಲ್ಲಿದ್ದೆ. ಮೇಷ್ಟ್ರ ಪ್ರಶ್ನೆ ಅದೇ ಅಲ್ವಾ! ಅವತ್ತೇ ದಾರಿ ತೀರ್ಮಾನವಾಯಿತು. ಮೊದಲ ಹದಿನೈದು ವರ್ಷ ಭ್ರೂಣದ ಬೆಳವಣಿಗೆ. ಆಮೇಲೆ ಗಗನಯಾತ್ರಿಗಳ ಮೂಳೆ ಮತ್ತು ಸ್ನಾಯು. ಹಾಸನದ ಕನ್ನಡ ಮೀಡಿಯಂ ಹುಡುಗ ಇಷ್ಟು ದೂರ ಬಂದೆ ಅನ್ನುವ ಹೆಮ್ಮೆ ನನಗಿದೆ. ಅದರಲ್ಲಿ ಮೇಷ್ಟ್ರ ಪಾಲು ದೊಡ್ಡದು.

ನನ್ನ ಅಣ್ಣನ ಮೊಮ್ಮಗಳು ಈಗ ದೊಡ್ಡ ಸ್ಕೂಲಿಗೆ ಹೋಗುತ್ತಾಳೆ. ಕಪ್ಪೆಯ ಜೀವನಚಕ್ರವನ್ನು ಸ್ಮಾರ್ಟ್ ಬೋರ್ಡಿನಲ್ಲಿ ಚೆನ್ನಾಗಿ ತೋರಿಸುತ್ತಾರಂತೆ. ಎಲ್ಲಾ ಹಂತಗಳನ್ನೂ ಪಟಪಟ ಹೇಳುತ್ತಾಳೆ. ಆದರೆ ಅವಳ ಬೆರಳಿಗೆ ಇನ್ನೂ ಲೋಳೆ ಅಂಟಿಲ್ಲ. ಅದು ನನಗೆ ನೋವಿನ ವಿಷಯ.

ಕೊನೆಯ ಸಲ ಹೋದಾಗ ಮೇಷ್ಟ್ರು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಕಾಲು ಸಣ್ಣಗಾಗಿತ್ತು. ನನ್ನ ಕೆಲಸ ಏನೆಂದು ಕೇಳಿದರು. ಬಾಹ್ಯಾಕಾಶಕ್ಕೆ ಹೋದವರ ಸೊಂಟದ ಮೂಳೆ ತಿಂಗಳಿಗೆ ಸುಮಾರು 1ರಿಂದ 1.5 ಶೇಕಡಾ ಸವೆಯುತ್ತದೆ ಎಂದೆ. ಅದನ್ನು ಭೂಮಿಯಲ್ಲೇ ಅಧ್ಯಯನ ಮಾಡಲು 2019ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಆರೋಗ್ಯವಂತರನ್ನು 60 ದಿನ ಮಲಗಿಸಿದ್ದರು, ತಲೆಯ ಕಡೆ 6 ಡಿಗ್ರಿ ತಗ್ಗಿಸಿ ಎಂದೂ ಹೇಳಿದೆ. ಅವರ ಮುಖ ಅರಳಿತು. "ಹಾಗಾದ್ರೆ ನಾನೂ ಗಗನಯಾತ್ರಿನೇ ಕಣೋ."

ಆಮೇಲೆ ಕೇಳಿದರು, "ಆ ನೌಕೆಯಲ್ಲಿನ ಮೊಟ್ಟೆ ಏನಾಯ್ತು?"

"ಮರಿ ಆದವು ಸಾರ್. ನೋಡಲು ಚೆನ್ನಾಗೇ ಇದ್ದವು. ಆದರೆ ಶ್ವಾಸಕೋಶಕ್ಕೆ ಗಾಳಿ ತುಂಬಿಕೊಳ್ಳಲಿಲ್ಲ. ಇಲ್ಲಿ ನೀರಿನ ಮೇಲಕ್ಕೆ ಬಂದು ಗುಟುಕು ಗಾಳಿ ತಗೊಳ್ತವೆ. ಅಲ್ಲಿ ಮೇಲೆ ಅನ್ನೋದೇ ಇಲ್ಲವಲ್ಲ."

ಮೇಷ್ಟ್ರು ತುಂಬಾ ಹೊತ್ತು ಸೂರು ನೋಡುತ್ತಿದ್ದರು. "ಪಾಪ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟಿದ್ವು? ಎಣಿಸಿದ್ರಾ?"